ಕಸಿದುಕೊಂಡ ಲೇನು

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಮಳೆ ಜೋರಾಗಿತ್ತು. ಸೈಕಲ್ ತೆಗೆಯಲು ಮನಸ್ಸಾಗದೆ ಬಾಗಿಲಲ್ಲೇ ನಿಂತಿದ್ದ ನನ್ನನ್ನು ನೋಡಿ ಮನೆ ಮಾಲೀಕರು, 'ಪೇಟೆಗೆ ತಾನೆ? ಬಾ, ಬಿಡುತ್ತೇನೆ' ಎಂದು ಕಾರು ಹತ್ತಿಸಿಕೊಂಡರು. ಕೆನಡಾದ ವ್ಯಾಂಕೂವರ್ ನಗರದಲ್ಲಿ ಅವರ ಮನೆಯ ನೆಲಮಾಳಿಗೆಯಲ್ಲಿ ನಾನು ಬಾಡಿಗೆಗಿದ್ದು ಮೂರು ವರ್ಷವಾಗುತ್ತ ಬಂತು. ಮನೆಯಿರುವುದು ಕಿಟ್ಸಿಲಾನೊ ಎಂಬ ಭಾಗದಲ್ಲಿ. ಪೇಟೆಯ ಗ್ರಂಥಾಲಯಕ್ಕೆ ಹೋಗಬೇಕಾದರೆ ನಡುವೆ ಒಂದು ಕಿರಿದಾದ ಸಮುದ್ರದ ಚಾಚು ಅಡ್ಡ ಬರುತ್ತದೆ. ಹೆಸರು ಫಾಲ್ಸ್ ಕ್ರೀಕ್. ಅದರ ಮೇಲಿನ ಬರಾರ್ಡ್ ಸೇತುವೆಯನ್ನು ನಾನು ವಾರಕ್ಕೆ ನಾಲ್ಕೈದು ಸಲ ಸೈಕಲ್ಲಿನಲ್ಲಿ ದಾಟುತ್ತೇನೆ. ಕಾರಿನೊಳಗೆ ಕೂತು ದಾಟಿದ್ದು ಅದೇ ಮೊದಲು.

ಸೇತುವೆಯ ಮಧ್ಯಕ್ಕೆ ಬರುವಷ್ಟರಲ್ಲಿ ಕಾರುಗಳು ಇರುವೆ ಸಾಲಿನಂತಾಗಿ ನಿಂತೇಬಿಟ್ಟವು. ನಮ್ಮ ಬಲಕ್ಕೆ ತಡೆಯ ಆಚೆ ಸೈಕಲ್ ದಾರಿ ಮಳೆಯಲ್ಲಿ ತೊಯ್ದು ಹೊಳೆಯುತ್ತಿತ್ತು. ಒಬ್ಬರೂ ಇರಲಿಲ್ಲ. ಮಾಲೀಕರು ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ಗಲ್ಲದಿಂದಲೇ ಆ ಕಡೆ ತೋರಿಸಿದರು. 'ನೋಡು. ಒಂದು ಸೈಕಲ್ಲಾದರೂ ಇದೆಯಾ? ಅದು ನನ್ನ ಲೇನು. ಮೂವತ್ತು ವರ್ಷ ಅದರಲ್ಲೇ ಕೆಲಸಕ್ಕೆ ಹೋಗಿದ್ದೇನೆ. ಕಸಿದುಕೊಂಡರು.'

ನನಗೆ ನಗು ಬಂತು. ಆಮೇಲೆ ಅವರ ಮುಖ ನೋಡಿ ನಗು ನಿಂತಿತು. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ. ಎಪ್ಪತ್ತು ದಾಟಿದ ಈ ಮನುಷ್ಯ ಹಿಮ ಬಿದ್ದ ದಿನ ತಮ್ಮ ಅಂಗಳಕ್ಕಿಂತ ಮೊದಲು ಪಕ್ಕದ ಮನೆಯ ಒಂಟಿ ಮುದುಕಿಯ ಅಂಗಳ ಗುಡಿಸಿಕೊಡುವವರು. ಬೇರೆಯವರ ಹುಲ್ಲುಕಡ್ಡಿಯನ್ನೂ ಮುಟ್ಟುವವರಲ್ಲ. ಇಂಥವರ ಬಾಯಲ್ಲಿ 'ಕಸಿದುಕೊಂಡರು' ಎಂಬ ಮಾತು ಬಂದರೆ ಅದನ್ನು ಕಾರಿನವರ ಅಹಂಕಾರ ಎಂದು ತಳ್ಳಿಹಾಕುವುದು ಸುಲಭವಲ್ಲ. ನನ್ನ ಸಂಶೋಧನೆ ನೀತಿಶಾಸ್ತ್ರದಲ್ಲಿ. ದಿನವಿಡೀ ನ್ಯಾಯ, ಹಕ್ಕು, ಹಂಚಿಕೆ ಎಂಬ ಪದಗಳ ಜೊತೆಗೇ ನನ್ನ ಸಂಸಾರ. ಆದರೆ ಆ ಬೆಳಿಗ್ಗೆ, ಯಾರಿಗೂ ಸೇರದ ವಸ್ತುವನ್ನು ಒಬ್ಬರಿಂದ ಕಸಿದುಕೊಳ್ಳುವುದು ಹೇಗೆ ಸಾಧ್ಯ ಎಂದು ಅವರು ಕೇಳಿದ್ದರೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಸೇತುವೆಯ ಕತೆಯನ್ನು ಸ್ವಲ್ಪ ಹೇಳಬೇಕು. ಅದು ಸಂಚಾರಕ್ಕೆ ತೆರೆದದ್ದು 1932ರ ಜುಲೈ 1ರಂದು. ಎರಡು ಬದಿಗೂ ಕೋಟೆಬಾಗಿಲಿನಂಥ ಕಾಂಕ್ರೀಟ್ ಗೋಪುರಗಳು, ಅವುಗಳ ಮೇಲೆ ಇಬ್ಬರು ನೌಕಾಧಿಕಾರಿಗಳ ಅರ್ಧಪ್ರತಿಮೆಗಳು; ಒಬ್ಬ ಈ ಊರಿಗೆ ಹೆಸರು ಕೊಟ್ಟ ವ್ಯಾಂಕೂವರ್, ಇನ್ನೊಬ್ಬ ಸೇತುವೆಗೆ ಹೆಸರಾದ ಬರಾರ್ಡ್. ನಾನು ಹುಟ್ಟುವ ಹೊತ್ತಿಗೆ ಅದರ ಮೇಲೆ ಕಾರುಗಳಿಗೆ ಆರು ಲೇನುಗಳಿದ್ದವು, ಎರಡೂ ಅಂಚಿನಲ್ಲಿ ಕಿರಿದಾದ ಫುಟ್‌ಪಾತ್. ನಡೆಯುವವರೂ ಸೈಕಲ್ಲಿನವರೂ ಅದರಲ್ಲೇ ಹೊಂದಿಕೊಳ್ಳಬೇಕಿತ್ತು. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವ ತಾಯಿಯನ್ನು ಹಿಂದಿನಿಂದ ಬಂದ ಸೈಕಲ್ ದಾಟಬೇಕಾದರೆ ಇಬ್ಬರ ಜೀವವೂ ಕೈಯಲ್ಲಿ. ಸೈಕಲ್ಲಿನ ಹ್ಯಾಂಡಲ್ ಯಾರಿಗೋ ತಾಗಿ ಆಯ ತಪ್ಪಿದರೆ ಬೀಳುವುದು ಕೆಳಗಿನ ರಸ್ತೆಗೆ, ವೇಗವಾಗಿ ಬರುವ ಕಾರಿನ ಮುಂದೆ.

ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಎರಡು ದಶಕ ಎಳೆದಾಡಿದರು. 1996ರಲ್ಲಿ ಒಂದು ಲೇನನ್ನು ಪ್ರಯೋಗಕ್ಕೆಂದು ಸೈಕಲ್ಲಿಗೆ ಬಿಟ್ಟುಕೊಟ್ಟರು. ತಿಂಗಳುಗಟ್ಟಲೆ ನಡೆಯಬೇಕಿದ್ದ ಪ್ರಯೋಗ, ಕಾರಿನವರ ಸಿಟ್ಟಿಗೆ ಹೆದರಿ ಒಂದೇ ವಾರದಲ್ಲಿ ಮುಗಿಯಿತು. 2005ರಲ್ಲಿ ನಗರ ಪಾಲಿಕೆ ಎರಡೂ ಅಂಚಿನ ಲೇನುಗಳನ್ನು ಸೈಕಲ್ಲಿಗೆ ಕೊಟ್ಟು ನೋಡೋಣ ಎಂದು ತೀರ್ಮಾನಿಸಿತು. ಅದೇ ವರ್ಷ ಚುನಾವಣೆ ಬಂತು, ಸ್ಯಾಮ್ ಸಲಿವನ್ ಮೇಯರಾದರು, ತೀರ್ಮಾನ ರದ್ದಾಯಿತು. ಸಲಿವನ್ ಸ್ವತಃ ಗಾಲಿಕುರ್ಚಿಯಲ್ಲಿ ಓಡಾಡುವವರು. ಇಕ್ಕಟ್ಟಾದ ಫುಟ್‌ಪಾತ್ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ಕಡೆಯವರು ಹಿಡಿದದ್ದು ಯಾರ ಮನಸ್ಸನ್ನೂ ನೋಯಿಸದ ದಾರಿ: ಲೇನುಗಳನ್ನು ಮುಟ್ಟುವುದು ಬೇಡ, ಫುಟ್‌ಪಾತನ್ನೇ ಹೊರಕ್ಕೆ ಚಾಚಿ ಅಗಲ ಮಾಡೋಣ. ಅಂದಾಜು ವೆಚ್ಚ ಏರುತ್ತ ಏರುತ್ತ ಐದು ಕೋಟಿ ಡಾಲರನ್ನೂ ದಾಟಿತು. ಹಳೆಯ ಸೇತುವೆಯ ಅಂದ ಕೆಡುತ್ತದೆ ಎಂದು ಪರಂಪರೆಯ ಅಭಿಮಾನಿಗಳು ಎದ್ದು ನಿಂತರು. ಯಾರನ್ನೂ ನೋಯಿಸದ ದಾರಿ ಕೊನೆಗೆ ಯಾರಿಗೂ ಬೇಡವಾಯಿತು.

2008ರಲ್ಲಿ ಸೈಕಲ್ ಹೊಡೆಯುವ ಗ್ರೆಗರ್ ರಾಬರ್ಟ್‌ಸನ್ ಮೇಯರಾಗಿ ಬಂದರು. 2009ರ ಜುಲೈ 13ರಂದು ಆ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಮತ್ತೊಂದು ಪ್ರಯೋಗ ಶುರುವಾಯಿತು. ದಕ್ಷಿಣಕ್ಕೆ ಹೋಗುವ ಕಡೆಯ ಒಂದು ಲೇನಿಗೆ ತಡೆಗೋಡೆ ಇಟ್ಟು ಸೈಕಲ್ಲಿಗೆ ಬಿಟ್ಟರು. ಅಂದು ಊರೇ ಸ್ತಬ್ಧವಾಗುತ್ತದೆ ಎಂದು ನಂಬಿದವರಿದ್ದರು; ಪೇಟೆಯ ವ್ಯಾಪಾರಿಗಳು ಗಿರಾಕಿಗಳು ಬರುವುದಿಲ್ಲವೆಂದು ಆತಂಕದಲ್ಲಿದ್ದರು. ಏನೂ ಆಗಲಿಲ್ಲ. ಕಾರುಗಳು ಹೋದವು, ಸೈಕಲ್ಲುಗಳು ಹೋದವು. ಪ್ರಯೋಗವೆಂದು ಇಟ್ಟದ್ದು ಹಾಗೇ ಉಳಿದುಕೊಂಡಿತು. 2017ರಲ್ಲಿ ಸೇತುವೆಯ ದುರಸ್ತಿ ಮುಗಿದಾಗ ಇನ್ನೊಂದು ಬದಿಯ ಲೇನೂ ಸೈಕಲ್ಲಿಗೆ ಹೋಯಿತು. ಮಾಲೀಕರು ಗಲ್ಲದಿಂದ ತೋರಿಸಿದ್ದು ಇದನ್ನೇ. ಆರು ಲೇನಿನ ಸೇತುವೆಯಲ್ಲಿ ಕಾರಿಗೆ ಈಗ ನಾಲ್ಕು.

ಬೆಂಗಳೂರಿನ ಗೆಳೆಯನೊಬ್ಬನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು, 'ಒಂದು ಲೇನಿಗೆ ಇಪ್ಪತ್ತು ವರ್ಷ ಜಗಳವಾಡೋಕೆ ನಿಮಗೆ ಪುರುಸೊತ್ತಿದೆಯಲ್ಲ, ಪುಣ್ಯವಂತರು' ಎಂದ. ನಮ್ಮ ಮೇಲ್ಸೇತುವೆಗಳ ಮೇಲೆ ನಡೆಯುವವನ ಪ್ರಶ್ನೆಯೇ ಏಳುವುದಿಲ್ಲ. ಕಟ್ಟುವಾಗಲೇ ಅವನನ್ನು ಬಿಟ್ಟಿರುತ್ತೇವೆ.

ಈಗ ಮಾಲೀಕರ ಮಾತಿಗೆ ಬರುತ್ತೇನೆ. ಲೇನು ಅವರದ್ದಲ್ಲ ಎನ್ನುವುದು ಕಾಗದದ ಮಟ್ಟಿಗೆ ಸರಿ. ಆದರೆ ದೀರ್ಘಕಾಲದ ಬಳಕೆಯಿಂದ ಹಕ್ಕು ಹುಟ್ಟುತ್ತದೆ ಎಂಬ ಆಲೋಚನೆ ಕಾನೂನಿಗೆ ಹೊಸದೇನಲ್ಲ. ಭಾರತದಲ್ಲಿ 1882ರ ಕಾಯಿದೆಯೊಂದಿದೆ: ಇನ್ನೊಬ್ಬರ ಜಮೀನಿನಲ್ಲಿ 20 ವರ್ಷ ಬಹಿರಂಗವಾಗಿ, ಹಕ್ಕಿನಿಂದೆಂಬಂತೆ, ಅಡ್ಡಿಯಿಲ್ಲದೆ ಓಡಾಡಿದ್ದರೆ ಆ ದಾರಿಯ ಹಕ್ಕು ನಿಮಗೆ ಸಿಗುತ್ತದೆ. ಡೇವಿಡ್ ಹ್ಯೂಮ್ 1740ರಲ್ಲೇ ಇದರ ಬುಡಕ್ಕೆ ಕೈಹಾಕಿದ್ದ. ಒಡೆತನ ಹುಟ್ಟುವ ಬಗೆಗಳಲ್ಲಿ ದೀರ್ಘಕಾಲದ ಅನುಭವವೂ ಒಂದು ಎಂದು ಒಪ್ಪುತ್ತಲೇ ಅವನು ಒಂದು ಚುರುಕಾದ ಮಾತು ಸೇರಿಸುತ್ತಾನೆ. ಕಾಲ ಕಳೆದ ಮಾತ್ರಕ್ಕೆ ಹೊಲದಲ್ಲಾಗಲಿ ಮನೆಯಲ್ಲಾಗಲಿ ಹೊಸದೇನೂ ಸೃಷ್ಟಿಯಾಗುವುದಿಲ್ಲ. ಕಾಲ ಕೆಲಸ ಮಾಡುವುದು ನಮ್ಮ ಭಾವನೆಯ ಮೇಲೆ ಮಾತ್ರ. ಹಾಗಾದರೆ ಕಾಲದಿಂದ ಹುಟ್ಟಿದ ಒಡೆತನ ಇರುವುದು ವಸ್ತುವಿನಲ್ಲಲ್ಲ, ಮನಸ್ಸಿನಲ್ಲಿ.

ಆ ಮನಸ್ಸನ್ನು ಅಳೆದು ನೋಡಿದವರೂ ಇದ್ದಾರೆ, ಅದೂ ಇದೇ ಊರಿನ ಮಗ್ಗುಲಲ್ಲಿ. ಅರ್ಥಶಾಸ್ತ್ರಜ್ಞ ಜ್ಯಾಕ್ ನೆಚ್ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು. ಡೇನಿಯಲ್ ಕಾನಮನ್, ರಿಚರ್ಡ್ ಥೇಲರ್ ಜೊತೆ ಸೇರಿ 1990ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳು ಈಗ ಪಠ್ಯಪುಸ್ತಕ ಸೇರಿವೆ. ಕೆಲವು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರನ್ನು, ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರ ಬೆಲೆಯ ಎರಡು ಪಟ್ಟಿಗೂ ಮೀರಿತ್ತು. ಮಗ್ ಕೈಗೆ ಬಂದು ಹೆಚ್ಚು ಹೊತ್ತೂ ಆಗಿರಲಿಲ್ಲ. ಅಷ್ಟರಲ್ಲೇ ಅದು 'ನನ್ನದು' ಆಗಿತ್ತು. ಮೂವತ್ತು ವರ್ಷದ ಲೇನಿನ ಗತಿ ಏನಾಗಿರಬೇಡ?

ಇದನ್ನು ಓದಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಹಾರುತ್ತಾರೆ: ಕಾರಿನವರ ನೋವು ಬರೀ ಮನಸ್ಸಿನ ಆಟ, ಅದಕ್ಕೆ ಬೆಲೆ ಕೊಡಬೇಕಿಲ್ಲ. ನಾನೂ ಹಾಗೆ ಹಾರುತ್ತಿದ್ದೆನೇನೋ. ಹಾರದಂತೆ ಹಿಡಿದು ನಿಲ್ಲಿಸಿದ್ದು ನನ್ನ ಅಜ್ಜ.

ನಮ್ಮೂರಲ್ಲಿ ಕೆರೆಯ ಹಿಂದಿನ ನಮ್ಮ ಹೊಲಕ್ಕೆ ತಾಗಿ ಒಂದು ಗಾಡಿದಾರಿ ಇತ್ತು. ಗ್ರಾಮದ ನಕಾಶೆಯಲ್ಲಿ ಇತ್ತು ಎನ್ನಬೇಕು. ನಾನು ಕಂಡಂತೆ ಅಲ್ಲಿದ್ದದ್ದು ಒಬ್ಬರು ನಡೆಯುವಷ್ಟು ಅಗಲದ ಬದು. ಉಳಿದದ್ದೆಲ್ಲ ನಮ್ಮ ಮೆಕ್ಕೆಜೋಳ. ಯಾರೂ ಒಂದು ದಿನ ಹೋಗಿ ದಾರಿಯನ್ನು ಉತ್ತವರಲ್ಲ. ವರ್ಷಕ್ಕೊಂದು ಸಾಲು. ಮುತ್ತಜ್ಜ ಒಂದಷ್ಟು, ಅಜ್ಜ ಒಂದಷ್ಟು. ನೇಗಿಲು ತಿರುಗಿಸುವಾಗ ಸ್ವಲ್ಪ ಆಚೆ ಹೋಗುತ್ತದೆ, ಆಚೆ ಹೋದಲ್ಲಿ ಬೀಜ ಬೀಳುತ್ತದೆ, ಬಿದ್ದದ್ದು ಬೆಳೆಯುತ್ತದೆ. ಆ ದಾರಿ ಬೇಕಾಗಿದ್ದದ್ದು ಕೇರಿಯವರಿಗೆ. ಅವರ ಸ್ಮಶಾನ ನಮ್ಮ ಹೊಲದ ಆಚೆಗಿತ್ತು. ಹೆಣ ಹೊತ್ತವರು ಇಬ್ಬಿಬ್ಬರಾಗಿ ಅಕ್ಕಪಕ್ಕ ನಡೆಯಬೇಕು, ಬದುವಿನ ಮೇಲೆ ಅದು ಆಗದು. ಅವರು ಕೆರೆ ಏರಿಯನ್ನು ಬಳಸಿಕೊಂಡು, ಮಳೆಗಾಲದಲ್ಲಿ ಕೆಸರು ತುಳಿದುಕೊಂಡು ಹೋಗುತ್ತಿದ್ದರು. ಇದೇಕೆ ಹೀಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಅಂದರೆ ಬರಾರ್ಡ್ ಸೇತುವೆಯಲ್ಲಿ ಪ್ರಯೋಗ ನಡೆದ ವರ್ಷದ ಆಸುಪಾಸಿನಲ್ಲೇ, ಕೇರಿಯ ಹುಡುಗರು ಅರ್ಜಿ ಹಾಕಿದರು. ಸರ್ವೆಯವರು ಸರಪಳಿ ಹಿಡಿದು ಬಂದು ಅಳೆದರು, ಕಲ್ಲು ನೆಟ್ಟರು. ಮೊಣಕಾಲುದ್ದ ಬೆಳೆದಿದ್ದ ಜೋಳದ ಮೇಲೆ ಟ್ರ್ಯಾಕ್ಟರ್ ಓಡಿತು. ಅಜ್ಜ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: 'ನಮ್ಮಪ್ಪನ ಕಾಲದಿಂದ ಉಂಡ ಮಣ್ಣು. ಕಿತ್ಕೊಂಡ್ರು.' ನನ್ನ ಮಟ್ಟಿಗೆ ಅಜ್ಜನಿಗಿಂತ ಒಳ್ಳೆಯ ಮನುಷ್ಯ ಲೋಕದಲ್ಲಿ ಇರಲಿಲ್ಲ. ಅಂದು ನನಗೂ ಸರ್ವೆಯವರ ಮೇಲೆ, ಆ ಹುಡುಗರ ಮೇಲೆ ಸಿಟ್ಟು ಬಂದಿತ್ತು. ಕೆರೆ ಏರಿಯ ಕೆಸರಿನಲ್ಲಿ ಹೆಣ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೆ. ಆಗ ಸಿಟ್ಟು ಬಂದಿರಲಿಲ್ಲ.

ವ್ಯಾಂಕೂವರ್‌ನ ಮಳೆಯಲ್ಲಿ ಮಾಲೀಕರ ಬಾಯಲ್ಲಿ ಕೇಳಿದ್ದು ಅಜ್ಜನ ಮಾತನ್ನೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಜಾತಿಯ ಕಾರಣಕ್ಕೆ ಹೆಣಕ್ಕೂ ದಾರಿ ಇಲ್ಲದಿರುವುದು ಬೇರೆ, ಸೈಕಲ್ಲಿಗೆ ಲೇನು ಇಲ್ಲದಿರುವುದು ಬೇರೆ. ಆದರೆ ಕಳೆದುಕೊಂಡವರ ನೋವಿನ ಸ್ವರೂಪ ಒಂದೇ ಆಗಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರ ನೋವೂ ನಿಜ. ಹಾಗಾದರೆ ಕೇಳಬೇಕಾದ್ದು ನೋವು ನಿಜವೋ ಅಲ್ಲವೋ ಎಂದಲ್ಲ. ನಿಜವಾದ ನೋವೆಲ್ಲ ಅನ್ಯಾಯದ ಗುರುತೇ ಎಂದು.

ಅಲ್ಲ ಎನ್ನುವುದಾದರೆ ಬೇರೆ ಅಳತೆ ಬೇಕು. ಸೇತುವೆಯ ಜಗಳದಲ್ಲಿ ಹೆಚ್ಚು ಬಳಕೆಯಾದ ಅಳತೆ ತಲೆ ಎಣಿಕೆ. ಕಾರುಗಳು ಇಷ್ಟು, ಸೈಕಲ್ಲು ಇಷ್ಟೇ, ಇಷ್ಟೇ ಜನಕ್ಕಾಗಿ ಅಷ್ಟು ಜನರಿಗೇಕೆ ತೊಂದರೆ? ಈ ವಾದದಲ್ಲಿ ಒಂದು ಮೋಸವಿದೆ. ಮೆಟ್ಟಿಲು ಮಾತ್ರ ಇರುವ ಕಚೇರಿಯ ಗುಮಾಸ್ತ, ಇಲ್ಲಿಗೆ ಗಾಲಿಕುರ್ಚಿಯವರು ಯಾರೂ ಬರುವುದೇ ಇಲ್ಲ ಸ್ವಾಮಿ, ಇಳಿಜಾರು ಯಾಕೆ ಎಂದು ಕೇಳಿದ ಹಾಗೆ. 1996ರ ಆ ಒಂದು ವಾರದಲ್ಲಿ ತಡವಾಗಿ ಕೆಲಸಕ್ಕೆ ಹೋದ ಪ್ರತಿಯೊಬ್ಬ ಕಾರಿನವನೂ ಪಾಲಿಕೆಗೆ ಫೋನು ಮಾಡಬಲ್ಲವನಾಗಿದ್ದ. ಭಯದಿಂದ ಸೈಕಲ್ಲನ್ನು ಮನೆಯ ಹಿಂದೆ ತುಕ್ಕು ಹಿಡಿಯಲು ಬಿಟ್ಟವಳು ಏನೆಂದು ಫೋನು ಮಾಡಬೇಕು? ನಾನು ಇವತ್ತೂ ಸೇತುವೆಯ ಮೇಲೆ ಬರಲಿಲ್ಲ ಎಂದೇ? ಇದ್ದವರ ನಷ್ಟ ಎಣಿಕೆಗೆ ಸಿಗುತ್ತದೆ. ಬಾರದವರ ನಷ್ಟ ಸಿಗುವುದಿಲ್ಲ. 2009ರ ನಂತರ ಕೆಲವೇ ವರ್ಷಗಳಲ್ಲಿ ಈ ಸೇತುವೆಯ ಮೇಲಿನ ಸೈಕಲ್ ಓಡಾಟ ವರ್ಷಕ್ಕೆ ಹತ್ತು ಲಕ್ಷ ದಾಟಿತು. ಅಷ್ಟೂ ಮಂದಿ ಆಕಾಶದಿಂದ ಇಳಿದವರಲ್ಲ.

ಅಮೆರಿಕದ ದಾರ್ಶನಿಕ ಟಿ. ಎಂ. ಸ್ಕ್ಯಾನ್ಲನ್ 1998ರ ತನ್ನ ಪುಸ್ತಕದಲ್ಲಿ ಒಂದು ಸನ್ನಿವೇಶ ಕೊಡುತ್ತಾನೆ. ಟೀವಿ ಪ್ರಸಾರ ಕೇಂದ್ರದಲ್ಲಿ ಕೆಲಸಗಾರನೊಬ್ಬನ ಮೇಲೆ ಯಂತ್ರ ಬಿದ್ದಿದೆ, ವಿದ್ಯುತ್ತಿನ ಆಘಾತದಿಂದ ನರಳುತ್ತಿದ್ದಾನೆ. ಅವನನ್ನು ಬಿಡಿಸಬೇಕಾದರೆ ಲಕ್ಷಾಂತರ ಮಂದಿ ನೋಡುತ್ತಿರುವ ಫುಟ್‌ಬಾಲ್ ಪಂದ್ಯದ ಪ್ರಸಾರ ಸ್ವಲ್ಪ ಹೊತ್ತು ನಿಲ್ಲಬೇಕು. ಲಕ್ಷಾಂತರ ಮಂದಿಯ ಸಣ್ಣ ಸಣ್ಣ ಬೇಸರಗಳನ್ನೆಲ್ಲ ರಾಶಿ ಹಾಕಿ ಆ ಒಬ್ಬನ ನರಳಾಟದ ಎದುರು ಇಡುವುದು ತಪ್ಪು ಎನ್ನುತ್ತಾನೆ ಸ್ಕ್ಯಾನ್ಲನ್. ಒಬ್ಬೊಬ್ಬರ ದೂರನ್ನು ಇನ್ನೊಬ್ಬರ ದೂರಿನ ಎದುರು ಇಟ್ಟು ನೋಡಬೇಕು. ಸೇತುವೆಗೆ ಇದು ಪೂರ್ತಿ ಹೊಂದುವುದಿಲ್ಲ. ಅಲ್ಲಿ ನರಳುತ್ತಿರುವವನು ಕಣ್ಣೆದುರು ಇಲ್ಲ, ಇರುವುದು ಯಾರಿಗೋ ಯಾವತ್ತೋ ಆಗಬಹುದಾದ ಅಪಾಯ. ಆದರೂ ಒಂದಿಷ್ಟು ದಾರಿ ತೋರುತ್ತದೆ. ನನ್ನ ಮಾಲೀಕರ ದೂರು: ಐದು ನಿಮಿಷ ತಡವಾಗುತ್ತದೆ. ಫುಟ್‌ಪಾತಿನ ಅಂಚಿನಿಂದ ಕಾರಿನ ಮುಂದೆ ಬೀಳಬಹುದಾದವಳ ದೂರು: ಬದುಕಬೇಕು. ಮುಖಾಮುಖಿ ಕೂರಿಸಿದರೆ ಯಾರು ಯಾರಿಗೆ 'ಇದನ್ನು ನೀನು ಸಹಿಸಿಕೋ' ಎನ್ನಬಹುದು?

ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಸೈಕಲ್ಲಿನವರ ಜಯಭೇರಿಯಾಗುತ್ತಿತ್ತು. ನಿಲ್ಲಿಸಲು ಎರಡು ಸಂಗತಿಗಳು ಬಿಡುತ್ತಿಲ್ಲ.

ಒಂದು, ಸೈಕಲ್ಲಿನವನು ಯಾರು ಎಂಬುದು. ನಮ್ಮ ಕಡೆ ಸೈಕಲ್ ಎಂದರೆ ಹಾಲಿನವನದ್ದು, ಗಾರೆ ಕೆಲಸಕ್ಕೆ ಹೋಗುವವನದ್ದು, ಮೋಟರ್ ಬೈಕ್ ಕೊಳ್ಳಲಾಗದವನದ್ದು. ಕಿಟ್ಸಿಲಾನೊದಲ್ಲಿ ಹಾಗಲ್ಲ. ಇಲ್ಲಿ ಮನೆಯ ಬೆಲೆ ಕೇಳಿದರೆ ತಲೆ ಸುತ್ತುತ್ತದೆ. ಸೇತುವೆಯ ಮೇಲೆ ನನ್ನನ್ನು ಹಿಂದೆ ಹಾಕಿ ಹೋಗುವ ಸೈಕಲ್ಲುಗಳಲ್ಲಿ ಕೆಲವು ನನ್ನ ಅಪ್ಪನ ಹಳೆಯ ಕಾರಿಗಿಂತ ದುಬಾರಿ. ಅದೇ ಹೊತ್ತಿಗೆ ಪಕ್ಕದ ಲೇನಿನಲ್ಲಿ, ಈ ಊರಿನಲ್ಲಿ ಮನೆ ಮಾಡಲಾಗದೆ ಒಂದು ಗಂಟೆ ದೂರದಿಂದ ನಲ್ಲಿ ರಿಪೇರಿಯ ಸಾಮಾನು ತುಂಬಿಕೊಂಡು ಬಂದ ವ್ಯಾನು ನಿಂತಿರುತ್ತದೆ. ಅವನು ಸೈಕಲ್ಲಿನಲ್ಲಿ ಬಾಯ್ಲರ್ ಹೊತ್ತು ತರಲಾರ. ಅವನ ಐದು ನಿಮಿಷವೂ ನನ್ನ ಮಾಲೀಕರ ಐದು ನಿಮಿಷವೂ ಒಂದೇ ಅಲ್ಲ. ಚಕ್ರ ಎಷ್ಟು ಸಣ್ಣದೋ ಮನುಷ್ಯ ಅಷ್ಟು ಬಡವ ಎಂದುಕೊಂಡು ನ್ಯಾಯ ಹೇಳಹೊರಟರೆ ಇಲ್ಲಿ ದಾರಿ ತಪ್ಪುತ್ತದೆ. ಜೀವದ ಅಪಾಯದ ಮಾತು ಬಂದಾಗ ಸೈಕಲ್ಲಿನವನ ದೂರೇ ತೂಕದ್ದು ಎಂದು ನಾನು ಈಗಲೂ ನಂಬುತ್ತೇನೆ; ಉಕ್ಕಿನ ಎದುರು ಶ್ರೀಮಂತನ ಮೂಳೆಯೂ ಮೂಳೆಯೇ. ಆದರೆ ಅದನ್ನು ಹೇಳುವಾಗ ಬಡವರ ಪರ ನಿಂತಿದ್ದೇನೆಂಬ ಹೆಮ್ಮೆ ಬೇಡ.

ಎರಡನೆಯದು ನನಗೆ ತಡವಾಗಿ ತಿಳಿದ ಸಂಗತಿ, ತಿಳಿದ ಮೇಲೆ ನಾಚಿಕೆಯಾದ ಸಂಗತಿ. 2009ರ ಪ್ರಯೋಗದಲ್ಲಿ ಕಾರಿನಿಂದ ತೆಗೆದುಕೊಂಡದ್ದು ಒಂದೇ ಲೇನು. ಸೈಕಲ್ಲಿಗೆ ಹೋಗುವ ದಾರಿ, ಬರುವ ದಾರಿ ಎರಡೂ ಬೇಕು. ಇನ್ನೊಂದು ಎಲ್ಲಿಂದ ಬಂತು? ಪೂರ್ವ ದಿಕ್ಕಿನ ಫುಟ್‌ಪಾತನ್ನು ಪೂರ್ತಿ ಸೈಕಲ್ಲಿಗೆ ಕೊಟ್ಟು, ನಡೆಯುವವರನ್ನು ಪಶ್ಚಿಮದ ಬದಿಗೆ ಅಟ್ಟಿದರು. 1932ರಿಂದ ಎರಡೂ ಬದಿಯಲ್ಲಿ ನಡೆಯುತ್ತಿದ್ದವರಿಗೆ ಅಂದಿನಿಂದ ಒಂದೇ ಬದಿ. ಪೂರ್ವದ ತುದಿಯಲ್ಲಿ ಮನೆಯಿದ್ದ ಮುದುಕ ಎರಡು ದೊಡ್ಡ ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಸೇತುವೆ ಮುಗಿದ ಮೇಲೆ ಮತ್ತೆ ದಾಟಿ ಈಚೆಗೆ ಬರಬೇಕು. ಇದು ಒಂದು ವಾರವಲ್ಲ, 2017ರ ತನಕ, ಎಂಟು ವರ್ಷದ ಹತ್ತಿರ ನಡೆಯಿತು. ಕಾರಿನವರ ಒಂದು ಲೇನಿಗೆ ಎರಡು ದಶಕ ಗಲಾಟೆಯಾಗಿತ್ತು. ನಡೆಯುವವರ ಒಂದಿಡೀ ಫುಟ್‌ಪಾತು ಹೋದದ್ದಕ್ಕೆ ಅದರ ನೂರರಲ್ಲೊಂದು ಪಾಲು ಸದ್ದೂ ಆಗಲಿಲ್ಲ. 'ಕಸಿದುಕೊಂಡರು' ಎಂಬ ಪದ ನಡೆಯುವವರ ಬಾಯಿಗೆ ಬರುವುದಿಲ್ಲವೇನೋ. ಅವರು ಯಾವುದನ್ನೂ ತಮ್ಮದೆಂದುಕೊಂಡೇ ಇರುವುದಿಲ್ಲ.

ಸೈಕಲ್ಲಿನವರು ಆಗ ಹೇಳಿದ್ದನ್ನು ಈಗ ಓದಿದರೆ ನನಗೆ ಅಜ್ಜನ ಜಗಲಿ ನೆನಪಾಗುತ್ತದೆ. ನಡೆಯುವವರಿಗೆ ಒಂದು ಬದಿ ಸಾಕು, ಮೊದಲಿಗಿಂತ ಸುರಕ್ಷಿತ, ಅವರಿಗೆ ರೂಢಿಯಾಗುತ್ತದೆ. ಅದರಲ್ಲಿ ಸುರಕ್ಷಿತ ಎಂಬುದು ನಿಜವೇ. 'ರೂಢಿಯಾಗುತ್ತದೆ' ಎಂಬ ಸಮಾಧಾನ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಯಾಕೆಂದರೆ ಇಡೀ ವಾದವನ್ನು ಗೆಲ್ಲಿಸಿದ್ದೇ ಆ ಮಾತು. 2009ರ ಪ್ರಯೋಗ ಗೆದ್ದಿತು, ಜನ ಒಗ್ಗಿಕೊಂಡರು, ಆದ್ದರಿಂದ ಮಾಡಿದ್ದು ಸರಿ ಎಂದು ನಗರ ಯೋಜನೆಯವರು ಇಂದಿಗೂ ಜಗತ್ತಿಗೆಲ್ಲ ಹೇಳುತ್ತಾರೆ. ಆದರೆ ಒಗ್ಗಿಕೊಳ್ಳುವುದು ಮನುಷ್ಯ ಎಲ್ಲದಕ್ಕೂ ಮಾಡುವ ಕೆಲಸ. ಕೇರಿಯವರು ಕೆರೆ ಏರಿಗೆ ಒಗ್ಗಿಕೊಂಡಿದ್ದರು. ಸೈಕಲ್ಲಿನವರು 1996ರ ನಂತರ ಹದಿಮೂರು ವರ್ಷ ಆ ಇಕ್ಕಟ್ಟಿಗೆ ಒಗ್ಗಿಕೊಂಡಿದ್ದರು. ಅಭ್ಯಾಸಕ್ಕೆ ತಕ್ಕಂತೆ ಆಸೆ ಕುಗ್ಗುವುದನ್ನು ಅಮರ್ತ್ಯ ಸೇನ್, ಮಾರ್ಥಾ ನುಸ್‌ಬಾಮ್ ಬಡವರ ಮತ್ತು ಹೆಣ್ಣುಮಕ್ಕಳ ಬದುಕಿನ ಸಂದರ್ಭದಲ್ಲಿ ಎಚ್ಚರಿಸಿದ್ದಾರೆ: ದೂರು ಇಲ್ಲ ಎಂದ ಮಾತ್ರಕ್ಕೆ ಕೊರತೆ ಇಲ್ಲ ಎಂದಲ್ಲ. ಹಾಗಿರುವಾಗ ಕಾರಿನವರ ಮೌನವನ್ನು ನ್ಯಾಯದ ರುಜುವಾತು ಎಂದು, ಕೇರಿಯವರ ಮೌನವನ್ನು ಅನ್ಯಾಯದ ರುಜುವಾತು ಎಂದು ನಾನು ಅನುಕೂಲಕ್ಕೆ ತಕ್ಕಂತೆ ಓದಲಾರೆ. ಪ್ರಯೋಗ ಯಾವುದನ್ನು ತೋರಿಸಬಲ್ಲದು? ಊರು ನಿಂತುಹೋಗುವುದಿಲ್ಲ ಎಂದು ತೋರಿಸಬಲ್ಲದು. ಭಯ ಅತಿಯಾಗಿತ್ತು ಎಂದು ತೋರಿಸಬಲ್ಲದು. ಮಾಡಿದ್ದು ಸರಿಯೇ ಎಂಬುದನ್ನು ಪ್ರಯೋಗಕ್ಕೆ ಮೊದಲೇ, ಒಬ್ಬೊಬ್ಬರ ದೂರನ್ನೂ ಎದುರಿಗೆ ಇಟ್ಟುಕೊಂಡು, ನಾವೇ ಹೇಳಬೇಕು. ಯಾರೂ ಒಗ್ಗಿಕೊಳ್ಳದಿದ್ದರೂ ಸರಿಯಾದದ್ದು ಸರಿಯೇ ಎನ್ನುವ ಧೈರ್ಯ ಬೇಕು. ಒಗ್ಗಿಕೊಂಡವರನ್ನೂ 'ನಿಮ್ಮಿಂದ ಏನು ಹೋಯಿತು' ಎಂದು ಕೇಳುವ ಸೌಜನ್ಯವೂ ಬೇಕು. 2017ರಲ್ಲಿ ಪೂರ್ವದ ಫುಟ್‌ಪಾತು ನಡೆಯುವವರಿಗೆ ವಾಪಸ್ಸು ಸಿಕ್ಕಿತು. ಮಾಲೀಕರಿಂದ 'ಕಸಿದ' ಲೇನು ಸೈಕಲ್ಲಿಗೆ ಹೋದದ್ದು ಆ ಫುಟ್‌ಪಾತನ್ನು ಹಿಂತಿರುಗಿಸಲು. ಇದನ್ನು ನಾನು ಅವರಿಗೆ ಹೇಳಿದಾಗ ಅವರು, 'ಹಾಗೆಂದು ಯಾರೂ ನಮಗೆ ಹೇಳಲೇ ಇಲ್ಲವಲ್ಲ' ಎಂದರು. ಹೇಳಿದ್ದರೂ ಕೇಳುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಸೇತುವೆಯ ದಕ್ಷಿಣದ ತುದಿಯಲ್ಲಿ ಈಗ ಎತ್ತರೆತ್ತರದ ಕಟ್ಟಡಗಳು ಏಳುತ್ತಿವೆ. ಜಾಗದ ಹೆಸರು ಸೆನಾಕ್. ಅಲ್ಲಿ ಸ್ಕ್ವಾಮಿಷ್ ಜನಾಂಗದ ಊರಿತ್ತು. 1913ರಲ್ಲಿ ಅಲ್ಲಿನ ಕುಟುಂಬಗಳನ್ನು ಎಬ್ಬಿಸಿ ದೋಣಿ ಹತ್ತಿಸಿ ಕಳಿಸಿದರು, ಮನೆಗಳನ್ನು ಸುಟ್ಟರು. ಆಮೇಲೆ ಆ ನೆಲದ ಮೇಲೆಯೇ ಸೇತುವೆಯ ಬುಡ ಊರಿತು. ದಶಕಗಳ ಕಾಲ ನ್ಯಾಯಾಲಯ ಹತ್ತಿ ಇಳಿದು, ಈ ಶತಮಾನದ ಆರಂಭದಲ್ಲಿ ಅವರು ವಾಪಸ್ಸು ಪಡೆದದ್ದು ಹತ್ತು ಎಕರೆಯಷ್ಟು. ಅದರಲ್ಲೇ ಈ ಕಟ್ಟಡಗಳು, ಸಾವಿರಾರು ಮನೆಗಳು. ಕಾರು ನಿಲ್ಲಿಸಲು ಜಾಗ ಮಾತ್ರ ತೀರಾ ಕಡಿಮೆ ಇಟ್ಟಿದ್ದಾರೆ. ಇದಕ್ಕೂ ಸುತ್ತಲಿನವರು ಗೊಣಗುತ್ತಿದ್ದಾರೆ: ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಬರುತ್ತಾರೆ ಎಂದು. ನಮ್ಮ ಬೀದಿ! ಅಗೆಯುತ್ತ ಹೋದರೆ ಲೇನೂ ಒತ್ತುವರಿ, ಸೈಕಲ್ ದಾರಿಯೂ ಒತ್ತುವರಿ, ನಾನು ಬಾಡಿಗೆ ಕೊಡುವ ನೆಲಮಾಳಿಗೆಯೂ ಒತ್ತುವರಿ. ಈ ಮಾತನ್ನು ವಿಚಾರಸಂಕಿರಣಗಳಲ್ಲಿ ಬಹಳ ಕೇಳಿದ್ದೇನೆ, ಕೇಳಿದಾಗಲೆಲ್ಲ ಒಂದು ಅನುಮಾನ. ಎಲ್ಲರೂ ಕಳ್ಳರು ಎಂದುಬಿಟ್ಟರೆ ಯಾರೂ ಏನನ್ನೂ ಹಿಂತಿರುಗಿಸಬೇಕಾಗಿಲ್ಲ. ಅಜ್ಜನೂ ಕೊನೆಕೊನೆಗೆ ಹಾಗೇ ಹೇಳುತ್ತಿದ್ದ, ಈ ಊರಲ್ಲಿ ದಾರಿ ಒತ್ತದವರು ಯಾರಿದ್ದಾರೆ ಎಂದು. ನಿಜವೇ. ಆದರೆ ಸ್ಮಶಾನಕ್ಕೆ ಹೋಗುವ ದಾರಿಯನ್ನು ಒತ್ತಿದವರು ನಾವು.

ಈ ಪ್ರಬಂಧ ಬರೆಯುವಾಗ ಒಂದು ಸಂಜೆ ಮಾಲೀಕರಿಗೆ ಅಜ್ಜನ ಕತೆ ಹೇಳಿದೆ. ಅವರು ತಮ್ಮ ಲೇನಿಗೂ ಅದಕ್ಕೂ ಗಂಟು ಹಾಕುತ್ತಿದ್ದೇನೆಂದು ತಿಳಿಯದಷ್ಟು ದಡ್ಡರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ದಾರಿ ಈಗಲೂ ಇದೆ ತಾನೆ?' ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮರುದಿನ ಅಮ್ಮನಿಗೆ ಫೋನು ಮಾಡಿದೆ.

'ಇದೆ ಮಗಾ. ಈಗ ಸಿಮೆಂಟ್ ಹಾಕ್ಯಾರೆ. ನಮ್ ಟ್ರ್ಯಾಕ್ಟ್ರೂ ಅದ್ರಾಗೇ ಹೋಗೋದು.'

'ಅಜ್ಜ ಒಗ್ಗಿಕೊಂಡಿದ್ದನಾ ಅಮ್ಮಾ, ಆಮೇಲೆ?'

'ಎಲ್ಲಿ? ಸಾಯೋ ತನ್ಕ ಆ ದಾರಿ ತುಳೀಲಿಲ್ಲ. ಹೊಲಕ್ಕ ಹೋಗ್ಬೇಕಂದ್ರೆ ಕೆರೆ ಏರಿ ಮ್ಯಾಲೆ ಸುತ್ತಾಕ್ಕೊಂಡೇ ಹೋಗ್ತಿದ್ದ.'